ಸ್ಕ್ರೀನ್ ಸತ್ತಿಲ್ಲ, ಕಂಟ್ರೋಲ್ ಕ್ಯೂ ಒತ್ತಿ ನೋಡಿ

ಇವತ್ತು ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ವರ್ಡ್‌ನಲ್ಲೋ ಎಕ್ಸೆಲ್‌ನಲ್ಲೋ ಕೆಲಸ ಮಾಡ್ತಿರುವಾಗ ಎರಡು ನಿಮಿಷಕ್ಕೊಮ್ಮೆ ನಿಮ್ಮ ಎಡಗೈ ತಾನಾಗೇ ಏನು ಮಾಡುತ್ತೆ? ಕಂಟ್ರೋಲ್ ಎಸ್. ಸೇವ್. ಮನಸ್ಸು ಬೇರೆಲ್ಲೋ ಇದ್ರೂ ಕೈ ಆ ಕೆಲಸ ಮುಗಿಸಿರುತ್ತೆ. ಅದೇ ಕೈ ಲಿನಕ್ಸ್ ಟರ್ಮಿನಲ್ ಮುಂದೆ ಕೂತಾಗಲೂ ಅದನ್ನೇ ಮಾಡುತ್ತೆ. ಆಗ ಸ್ಕ್ರೀನ್‌ಗೆ ಗರ ಬಡಿದ ಹಾಗೆ ಆಗುತ್ತೆ. ಅಕ್ಷರ ಬರಲ್ಲ, ಎಂಟರ್ ಕೆಲಸ ಮಾಡಲ್ಲ, ಓಡ್ತಿದ್ದ ಸಾಲುಗಳು ನಿಂತಲ್ಲೇ ನಿಂತಿರುತ್ತವೆ.

ಬಿ.ಕಾಂ. ಓದಿದೋನಿಗೆ ಈ ವಿಷಯ ಯಾಕಪ್ಪಾ ಅಂತ ಕೇಳ್ಬಹುದು. ನನ್ನ ಜೊತೆ ಓದಿದವರಲ್ಲೇ ಎಷ್ಟೋ ಜನ ಪೇರೋಲ್, ಬ್ಯಾಂಕಿನ ಬ್ಯಾಕ್ ಆಫೀಸ್, ಡೇಟಾ ಸಪೋರ್ಟ್ ಅಂತ ಕೆಲಸಕ್ಕೆ ಸೇರಿದ್ದಾರೆ. ಸೇರಿದ ಮೊದಲ ವಾರದಲ್ಲೇ ಒಂದು ಸರ್ವರ್‌ಗೆ ಲಾಗಿನ್ ಕೊಡ್ತಾರೆ, ಹತ್ತು ಕಮಾಂಡ್ ಪ್ರಿಂಟ್ ಹಾಕಿರೋ ಒಂದು ಹಾಳೆ ಕೊಡ್ತಾರೆ. ಕೀಬೋರ್ಡ್ ಅಲ್ಲಿ ಹೇಗೆ ನಡ್ಕೊಳ್ಳುತ್ತೆ ಅನ್ನೋದನ್ನ ಮಾತ್ರ ಯಾರೂ ಹೇಳಿಕೊಡಲ್ಲ.

ನನ್ನ ಗೆಳತಿಯೊಬ್ಬಳಿಗೆ ಆಗಿದ್ದು ಇದೇ. ಕಂಪನಿ ಹೆಸರು ಬೇಡ. ತಿಂಗಳ ಕೊನೆ, ರಾತ್ರಿ ಶಿಫ್ಟ್, ಲೆಕ್ಕ ತಾಳೆ ನೋಡೋ ಒಂದು ಪ್ರೋಗ್ರಾಂ ಗಂಟೆಗಟ್ಟಲೆ ಓಡ್ಬೇಕು. ಓಡ್ತಾ ಓಡ್ತಾ ನಿಂತುಬಿಡ್ತು. ಹತ್ತು ನಿಮಿಷ ಕಾದಳು, ಎಲ್ಲ ಕೀ ಒತ್ತಿದಳು, ಕೊನೆಗೆ ಹ್ಯಾಂಗ್ ಆಗಿದೆ ಅಂದ್ಕೊಂಡು ವಿಂಡೋ ಕ್ಲೋಸ್ ಮಾಡಿದಳು. ಪ್ರೋಗ್ರಾಂ ಅಲ್ಲಿವರೆಗೂ ಬದುಕಿತ್ತು. ಸತ್ತಿದ್ದು ವಿಂಡೋ ಮುಚ್ಚಿದಾಗ. ಟರ್ಮಿನಲ್ ಮುಚ್ಚಿದ ಕೂಡಲೇ ಯೂನಿಕ್ಸ್ ಅದರೊಳಗೆ ಓಡ್ತಿರೋ ಪ್ರೋಗ್ರಾಂಗೆ ಹ್ಯಾಂಗಪ್ ಅನ್ನೋ ಸಿಗ್ನಲ್ ಕಳಿಸುತ್ತೆ. ಹಳೇ ಕಾಲದಲ್ಲಿ ಫೋನ್ ಲೈನ್ ಕಟ್ ಆಯ್ತು ಅಂತ ಹೇಳೋಕೆ ಇದ್ದ ಸಿಗ್ನಲ್ ಅದು. ಬೇರೆ ಏರ್ಪಾಡು ಮಾಡಿಕೊಂಡಿರದ ಪ್ರೋಗ್ರಾಂ ಆ ಸಿಗ್ನಲ್ ಸಿಕ್ಕ ಕೂಡಲೇ ಮುಗಿದುಹೋಗುತ್ತೆ. ಅರ್ಧ ಎಂಟ್ರಿ ಒಳಗೆ, ಅರ್ಧ ಹೊರಗೆ. ಅದನ್ನ ಸರಿ ಮಾಡೋಕೆ ಅವರ ಟೀಮ್‌ಗೆ ಒಂದಿಡೀ ದಿನ ಹಿಡೀತು.

ಆ ಹೊತ್ತಿಗೆ ಬೇಕಾಗಿದ್ದು ಒಂದೇ ಕೀ, ಕಂಟ್ರೋಲ್ ಕ್ಯೂ. ಎಸ್ ನಿಲ್ಲಿಸುತ್ತೆ, ಕ್ಯೂ ಮತ್ತೆ ಬಿಡುತ್ತೆ, ಅಷ್ಟೇ. ಹಾಗೇ ಗಂಟೆಗಟ್ಟಲೆ ಓಡೋ ಕೆಲಸ ಇದ್ರೆ ಅದನ್ನ ಟಿಮಕ್ಸ್ ಅಥವಾ ಸ್ಕ್ರೀನ್ ಅನ್ನೋ ಪ್ರೋಗ್ರಾಂ ಒಳಗೆ ಶುರು ಮಾಡಿ. ಅದರೊಳಗೆ ಇದ್ರೆ ನಿಮ್ಮ ವಿಂಡೋ ಮುಚ್ಚಿಹೋದ್ರೂ, ಇಂಟರ್‌ನೆಟ್ ಹೋದ್ರೂ, ಕೆಲಸ ಸರ್ವರ್‌ನಲ್ಲಿ ಓಡ್ತಾನೇ ಇರುತ್ತೆ. ಆಮೇಲೆ ಬಂದು ಮತ್ತೆ ಸೇರ್ಕೊಳ್ಬಹುದು.

ಈಗ ಇದು ಯಾಕೆ ಹೀಗೆ ಅಂತ ನೋಡೋಣ. ಯಾಕೆ ಅಂತ ಗೊತ್ತಾದ್ರೆ ಇನ್ನೂ ಹತ್ತು ತರಲೆಗಳಿಗೆ ಉತ್ತರ ಸಿಗುತ್ತೆ.

ನೀವು ಒಂದು ಕೀ ಒತ್ತಿದಾಗ ಅದು ನೇರವಾಗಿ ಪ್ರೋಗ್ರಾಂ ಕೈಗೆ ಹೋಗಲ್ಲ. ಅಪಾರ್ಟ್‌ಮೆಂಟಿಗೆ ಬರೋ ಪಾರ್ಸೆಲ್ ಥರ. ಮೊದಲು ಗೇಟಲ್ಲಿ ಸೆಕ್ಯೂರಿಟಿ, ಆಮೇಲೆ ಕೆಳಗಡೆ ಆಫೀಸು, ಕೊನೆಗೆ ನಿಮ್ಮ ಮನೆ ಬಾಗಿಲು. ಗೇಟ್ ಅಂದ್ರೆ ನೀವು ಕಣ್ಣಿಂದ ನೋಡೋ ಟರ್ಮಿನಲ್ ಆ್ಯಪ್. ಅದು ಪುಟ್ಟಿ ಇರಬಹುದು, ಮ್ಯಾಕ್‌ನ ಟರ್ಮಿನಲ್ ಇರಬಹುದು, ಬ್ರೌಸರ್ ಟ್ಯಾಬ್ ಕೂಡ ಇರಬಹುದು. ಕೆಳಗಿನ ಆಫೀಸು ಅಂದ್ರೆ ಆಪರೇಟಿಂಗ್ ಸಿಸ್ಟಂನ ಕರ್ನಲ್ ಒಳಗಿರೋ ಟಿಟಿವೈ ಅನ್ನೋ ಭಾಗ. ಮನೆ ಬಾಗಿಲು ಅಂದ್ರೆ ಶೆಲ್, ಅಂದ್ರೆ ಬ್ಯಾಶ್ ಅಥವಾ ಝೆಡ್‌ ಶೆಲ್, ಇಲ್ಲಾ ಆ ಹೊತ್ತಿಗೆ ಓಡ್ತಿರೋ ಪ್ರೋಗ್ರಾಂ. ಮೂರರಲ್ಲಿ ಯಾರು ಬೇಕಾದ್ರೂ ನಿಮ್ಮ ಪಾರ್ಸೆಲ್‌ನ ಮಧ್ಯದಲ್ಲೇ ಇಟ್ಕೊಂಡುಬಿಡಬಹುದು. ಕೀ ಕೆಲಸ ಮಾಡ್ತಿಲ್ಲ ಅಂದ್ರೆ ಕೇಳಬೇಕಾದ ಪ್ರಶ್ನೆ ಒಂದೇ: ಯಾರು ಇಟ್ಕೊಂಡ್ರು?

ಕಂಟ್ರೋಲ್ ಎಸ್ ವಿಷಯದಲ್ಲಿ ಇಟ್ಕೊಂಡಿದ್ದು ಮಧ್ಯದ ಆಫೀಸು, ಟಿಟಿವೈ. ಈ ಹೆಸರು ಬಂದಿದ್ದು ಟೆಲಿಟೈಪ್ ಅನ್ನೋ ಯಂತ್ರದಿಂದ. 1969ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ, ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಯೂನಿಕ್ಸ್ ಶುರು ಮಾಡಿದಾಗ ಸ್ಕ್ರೀನ್ ಅನ್ನೋದು ಎಲ್ಲರ ಮುಂದೆ ಇರ್ಲಿಲ್ಲ. ಆಗ ಇದ್ದಿದ್ದು ಟೈಪ್‌ರೈಟರ್ ಥರ ಕಾಗದದ ಮೇಲೆ ಕುಟ್ಟೋ ಯಂತ್ರ. ಮಾಡೆಲ್ 33 ಅನ್ನೋ ಟೆಲಿಟೈಪ್ ಸೆಕೆಂಡಿಗೆ 10 ಅಕ್ಷರ ಕುಟ್ಟುತ್ತಿತ್ತು. ಅದರ ಪಕ್ಕದಲ್ಲೇ ತೂತು ಮಾಡಿದ ಪೇಪರ್ ಟೇಪ್ ಓದೋ ಸಾಧನ ಇರ್ತಿತ್ತು. ಒಂದು ಸಂಕೇತ ಬಂದ್ರೆ ಟೇಪ್ ಓದೋದು ನಿಲ್ಲಬೇಕು, ಇನ್ನೊಂದು ಬಂದ್ರೆ ಮತ್ತೆ ಶುರುವಾಗಬೇಕು. ಆ ನಿಲ್ಲು, ಹೊರಡು ಅನ್ನೋ ಎರಡು ಸಂಕೇತಗಳೇ ಇವತ್ತಿನ ಕಂಟ್ರೋಲ್ ಎಸ್ ಮತ್ತು ಕಂಟ್ರೋಲ್ ಕ್ಯೂ. ಟೇಪ್ ಹೋಯ್ತು, ಕಾಗದ ಹೋಯ್ತು, ಯಂತ್ರಗಳು ಮ್ಯೂಸಿಯಂ ಸೇರಿದವು. ಸಂಕೇತ ಮಾತ್ರ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇನ್ನೂ ಕೂತಿದೆ.

ಇಲ್ಲೊಂದು ಲೆಕ್ಕ ಇದೆ, ಕಾಮರ್ಸ್‌ನವರಿಗೆ ಇಷ್ಟ ಆಗುತ್ತೆ. ಆಸ್ಕಿ ಅನ್ನೋ ಪಟ್ಟಿಯಲ್ಲಿ ಪ್ರತಿ ಇಂಗ್ಲಿಷ್ ಅಕ್ಷರಕ್ಕೂ ಒಂದು ನಂಬರ್. ದೊಡ್ಡಕ್ಷರದ ಸಿಗೆ 67, ಎಸ್‌ಗೆ 83. ಕಂಟ್ರೋಲ್ ಒತ್ತಿದ್ರೆ ಆ ನಂಬರಿನಿಂದ 64 ಕಳೆದುಹೋಗುತ್ತೆ. ಹಾಗಾಗಿ ಕಂಟ್ರೋಲ್ ಸಿ ಅಂದ್ರೆ 3, ಕಂಟ್ರೋಲ್ ಎಸ್ ಅಂದ್ರೆ 19. ಎಮ್‌ಗೆ 77, ಕಳೆದ್ರೆ 13. ಎಂಟರ್ ಕೀ ಕಳಿಸೋದೂ ಅದೇ 13. ಐ ಅಕ್ಷರಕ್ಕೆ 73, ಕಳೆದ್ರೆ 9, ಅದು ಟ್ಯಾಬ್. ಚೌಕ ಆವರಣದ ಎಡಭಾಗ ಇದೆಯಲ್ಲ, ಅದಕ್ಕೆ 91, ಕಳೆದ್ರೆ 27, ಅದು ಎಸ್ಕೇಪ್. ಎಸ್ಕೇಪ್ ಕೀ ಇಲ್ಲದ ಟ್ಯಾಬ್ಲೆಟ್ ಕೀಬೋರ್ಡ್‌ನಲ್ಲಿ ಒದ್ದಾಡ್ತಿದ್ರೆ ಕಂಟ್ರೋಲ್ ಜೊತೆ ಆ ಚೌಕ ಆವರಣ ಒತ್ತಿ, ಎಸ್ಕೇಪ್ ಆಗುತ್ತೆ. ಟ್ಯಾಬ್‌ಗೂ ಕಂಟ್ರೋಲ್ ಐಗೂ ಬೇರೆ ಬೇರೆ ಕೆಲಸ ಕೊಡೋಕೆ ಹೋಗಿ ಆಗದೆ ತಲೆ ಕೆಡಿಸಿಕೊಂಡವರಿಗೂ ಇದೇ ಉತ್ತರ. ಇಬ್ಬರೂ ಕಳಿಸೋದು 9. ಆ ಕಡೆ ಇರೋರಿಗೆ ವ್ಯತ್ಯಾಸ ಗೊತ್ತಾಗೋಕೆ ದಾರಿ ಇಲ್ಲ.

ಮಧ್ಯದ ಆಫೀಸು ಯಾವ್ಯಾವ ಕೀ ಹಿಡಿದುಕೊಳ್ಳುತ್ತೆ ಅಂತ ಅದನ್ನೇ ಕೇಳಬಹುದು. ಕಮಾಂಡ್ ಹೆಸರು ಎಸ್ ಟಿ ಟಿ ವೈ, ಆಮೇಲೆ ಒಂದು ಸ್ಪೇಸ್, ಮೈನಸ್, ಎ. ಎಂಟರ್ ಒತ್ತಿದ್ರೆ ಒಂದು ಉದ್ದ ಪಟ್ಟಿ ಬರುತ್ತೆ. ಅದರಲ್ಲಿ ಗೋಪುರದ ಥರ ಒಂದು ಚಿಹ್ನೆ ಕಾಣುತ್ತಲ್ಲ, ಕ್ಯಾರೆಟ್, ಅದನ್ನ ಕಂಟ್ರೋಲ್ ಅಂತ ಓದಿಕೊಳ್ಳಿ. ಇಂಟರಪ್ಟ್‌ಗೆ ಸಿ, ಕ್ವಿಟ್‌ಗೆ ಬ್ಯಾಕ್‌ಸ್ಲ್ಯಾಶ್, ಫೈಲ್ ಮುಗಿಯಿತು ಅನ್ನೋಕೆ ಡಿ, ಸದ್ಯಕ್ಕೆ ಮಲಗಿಸೋಕೆ ಝೆಡ್, ಇಡೀ ಸಾಲು ಅಳಿಸೋಕೆ ಯು. ಇವೆಲ್ಲ ಕಲ್ಲಿನ ಮೇಲೆ ಕೆತ್ತಿದ್ದಲ್ಲ, ಬದಲಾಯಿಸಬಹುದು. ಯೂನಿಕ್ಸ್‌ನ ಹಳೇ ಆವೃತ್ತಿಗಳಲ್ಲಿ ಒಂದು ಅಕ್ಷರ ಅಳಿಸೋಕೆ ಹ್ಯಾಶ್ ಚಿಹ್ನೆ, ಸಾಲು ಅಳಿಸೋಕೆ ಅಟ್ ಚಿಹ್ನೆ ಇತ್ತು. ಈಗ ಆ ವ್ಯವಸ್ಥೆ ಇದ್ದಿದ್ರೆ ಒಂದು ಇಮೇಲ್ ವಿಳಾಸ ಟೈಪ್ ಮಾಡೋಕೂ ಪರದಾಡಬೇಕಿತ್ತು.

ಕಂಟ್ರೋಲ್ ಎಸ್ ಕಾಟ ಪೂರ್ತಿ ನಿಲ್ಲಿಸಬೇಕು ಅಂದ್ರೆ ಎಸ್ ಟಿ ಟಿ ವೈ, ಸ್ಪೇಸ್, ಮೈನಸ್, ಐ ಎಕ್ಸ್ ಒ ಎನ್. ಇದನ್ನ ಬ್ಯಾಶ್ ಆರ್‌ಸಿ ಫೈಲಿನ ಕೊನೆಯಲ್ಲಿ ಸೇರಿಸಿದ್ರೆ ಪ್ರತಿ ಸಲ ತಾನಾಗೇ ಆಗುತ್ತೆ. ಇದರಿಂದ ಇನ್ನೊಂದು ಲಾಭ. ಹಳೇ ಕಮಾಂಡ್ ಹುಡುಕೋಕೆ ಕಂಟ್ರೋಲ್ ಆರ್ ಒತ್ತೋದು ನಿಮಗೆ ಗೊತ್ತಿರಬಹುದು. ಹುಡುಕ್ತಾ ಹುಡುಕ್ತಾ ಒಂದು ಹೆಜ್ಜೆ ಹಿಂದೆ ಹೋಗಿಬಿಟ್ರೆ ಮುಂದಕ್ಕೆ ಬರೋಕೆ ಬ್ಯಾಶ್ ಇಟ್ಟಿರೋ ಕೀ ಯಾವುದು? ಕಂಟ್ರೋಲ್ ಎಸ್. ಬಾಗಿಲಲ್ಲಿ ನಿಂತಿರೋ ಬ್ಯಾಶ್ ಆ ಪಾರ್ಸೆಲ್‌ಗೆ ಕಾಯ್ತಾ ಇರುತ್ತೆ, ಕೆಳಗಿನ ಆಫೀಸು ಅದನ್ನ ಮೇಲಕ್ಕೆ ಬಿಡೋದೇ ಇಲ್ಲ. ನನ್ನ ಪ್ರಕಾರ ಇವತ್ತಿನ ದಿನ ಈ ನಿಲ್ಲಿಸೋ ವ್ಯವಸ್ಥೆ ಡಿಫಾಲ್ಟ್ ಆಗಿ ಆಫ್ ಇರಬೇಕು. ಸೆಕೆಂಡಿಗೆ 10 ಅಕ್ಷರದ ಕಾಲದ ಬಂದೋಬಸ್ತು ನಮಗ್ಯಾಕೆ?

ಕ್ಯೂ ಒತ್ತಿದ್ರೂ ಸ್ಕ್ರೀನ್ ಎಚ್ಚರ ಆಗ್ಲಿಲ್ಲ ಅಂದ್ರೆ? ನೀವು ಎಸ್‌ಎಸ್‌ಎಚ್ ಮೂಲಕ ದೂರದ ಸರ್ವರ್‌ನಲ್ಲಿ ಇದ್ರೆ ಲೈನೇ ಹೋಗಿರಬಹುದು. ವೈಫೈ ಬದಲಾದಾಗ ಇದು ಮಾಮೂಲಿ. ಆಗ ಎಂಟರ್ ಒತ್ತಿ, ಟಿಲ್ಡೆ ಒತ್ತಿ, ಅಂದ್ರೆ ಅಲೆ ಥರದ ಚಿಹ್ನೆ, ಆಮೇಲೆ ಒಂದು ಚುಕ್ಕಿ. ಇದು ಸರ್ವರ್‌ಗೆ ಹೋಗಲ್ಲ, ನಿಮ್ಮ ಕಡೆಯ ಎಸ್‌ಎಸ್‌ಎಚ್ ಪ್ರೋಗ್ರಾಂ ಇದನ್ನ ಹಿಡಿದು ಸತ್ತ ಸಂಪರ್ಕವನ್ನ ಕಡಿದುಹಾಕುತ್ತೆ. ಮೊದಲು ಕ್ಯೂ, ಆಮೇಲೆ ಮಾತ್ರ ಇದು.

ಕಂಟ್ರೋಲ್ ಝೆಡ್‌ಗೆ ಬರೋಣ. ಇದು ಎಸ್‌ಗಿಂತ ಕಳ್ಳ ಕೀ. ಬೇರೆ ಕಡೆ ಎಲ್ಲ ಇದು ಅನ್‌ಡೂ. ವಿಮ್ ಎಡಿಟರ್‌ನಲ್ಲಿ ಒಂದು ತಪ್ಪು ಸಾಲು ಬರೆದು ಅಭ್ಯಾಸಬಲದಿಂದ ಕಂಟ್ರೋಲ್ ಝೆಡ್ ಒತ್ತಿದ್ರೆ ವಿಮ್ಮೇ ಮಾಯ! ಸ್ಟಾಪ್ಡ್ ಅಂತ ಒಂದು ಸಾಲು ಬರುತ್ತೆ. ಬರೆದಿದ್ದೆಲ್ಲ ಹೋಯ್ತು ಅಂತ ಎಷ್ಟೋ ಜನ ಎದೆ ಒಡೆದುಕೊಳ್ತಾರೆ. ಏನೂ ಹೋಗಿರಲ್ಲ, ಅದು ಹಿಂದೆ ಮಲಗಿರುತ್ತೆ. ಎಫ್ ಜಿ ಅಂತ ಎರಡಕ್ಷರ ಬರೆದು ಎಂಟರ್ ಒತ್ತಿ, ಎದ್ದು ಬರುತ್ತೆ. ಹಿಂದೆ ಯಾರ್ಯಾರು ಮಲಗಿದ್ದಾರೆ ಅಂತ ನೋಡೋಕೆ ಜಾಬ್ಸ್ ಅನ್ನೋ ಕಮಾಂಡ್ ಇದೆ. ವೆಬ್ ಡೆವಲಪ್‌ಮೆಂಟ್ ಕಲೀತಿರೋರಿಗೆ ಇದು ಇನ್ನೊಂದು ವೇಷದಲ್ಲಿ ಬರುತ್ತೆ. ಓಡ್ತಿರೋ ಸರ್ವರ್‌ನ ಕಂಟ್ರೋಲ್ ಝೆಡ್ ಒತ್ತಿ ಮುಚ್ಚಿದೆ ಅಂದ್ಕೊಳ್ತಾರೆ, ಮತ್ತೆ ಶುರು ಮಾಡಿದ್ರೆ ಪೋರ್ಟ್ ಆಗಲೇ ಬಳಕೆಯಲ್ಲಿದೆ ಅಂತ ಎರರ್. ಮಲಗಿರೋನು ಸೀಟ್ ಬಿಟ್ಟುಕೊಟ್ಟಿಲ್ಲ, ಅಷ್ಟೇ. ಎಫ್ ಜಿ ಮಾಡಿ ಎಬ್ಬಿಸಿ, ಆಮೇಲೆ ಕಂಟ್ರೋಲ್ ಸಿ. ಅದಕ್ಕೂ ಬಗ್ಗಲಿಲ್ಲ ಅಂದ್ರೆ ಕಂಟ್ರೋಲ್ ಬ್ಯಾಕ್‌ಸ್ಲ್ಯಾಶ್ ಸ್ವಲ್ಪ ಗಟ್ಟಿ ಏಟು.

ಇನ್ನೊಂದು ಸನ್ನಿವೇಶ. ಯಾವುದೋ ಪ್ರೋಗ್ರಾಂ ಮಧ್ಯದಲ್ಲೇ ಕ್ರ್ಯಾಶ್ ಆಯ್ತು. ಪ್ರಾಂಪ್ಟ್ ಬಂದಿದೆ, ಆದ್ರೆ ಟೈಪ್ ಮಾಡಿದ್ದು ಕಾಣಲ್ಲ, ಇಲ್ಲಾ ಎಂಟರ್ ಒತ್ತಿದ್ರೆ ಕ್ಯಾರೆಟ್ ಎಮ್ ಅಂತ ಮೂಡುತ್ತೆ. ವಿಮ್ ಥರದ ಪ್ರೋಗ್ರಾಂಗಳು ಓಡುವಾಗ ಕೆಳಗಿನ ಆಫೀಸಿಗೆ ಹೇಳಿರ್ತವೆ: ನೀನು ಏನೂ ಮುಟ್ಟಬೇಡ, ಎಲ್ಲ ಕೀನೂ ಹಾಗೇ ಮೇಲಕ್ಕೆ ಕಳಿಸು. ಹೋಗುವಾಗ ಹಳೇ ನಿಯಮಗಳನ್ನ ವಾಪಸ್ ಇಡಬೇಕು. ಕ್ರ್ಯಾಶ್ ಆದಾಗ ಇಡೋಕೆ ಸಮಯ ಸಿಗಲ್ಲ. ಆಗ ಕಣ್ಮುಚ್ಚಿ ಟೈಪ್ ಮಾಡಿ: ಮೊದಲು ಕಂಟ್ರೋಲ್ ಜೆ, ಆಮೇಲೆ ಎಸ್ ಟಿ ಟಿ ವೈ, ಸ್ಪೇಸ್, ಎಸ್ ಎ ಎನ್ ಇ, ಮತ್ತೆ ಕಂಟ್ರೋಲ್ ಜೆ. ಎಸ್ ಎ ಎನ್ ಇ, ಸೇನ್. ಬುದ್ಧಿ ನೆಟ್ಟಗಿರೋನು ಅಂತ ಅರ್ಥ. ಎಂಟರ್ ಬದಲು ಜೆ ಯಾಕೆ? ಎಂಟರ್ ಕಳಿಸೋದು 13, ಸಾಲಿನ ಕೊನೆ ಅಂದ್ರೆ 10. ಸಾಮಾನ್ಯ ದಿನಗಳಲ್ಲಿ ಆಫೀಸು ಆ 13ನ್ನ 10 ಮಾಡಿ ಮೇಲಕ್ಕೆ ಕಳಿಸುತ್ತೆ. ಈಗ ಆಫೀಸು ರಜೆ, ಹಾಗಾಗಿ ನೀವೇ ನೇರ 10 ಕಳಿಸಬೇಕು. ಜೆಗೆ 74, ಕಳೆದ್ರೆ 10. ನೋಡಿ, ಲೆಕ್ಕ ಎಲ್ಲಿ ಬಂತು ಅಂತ.

ಫೋಟೋ ಫೈಲನ್ನೋ ಜಿಪ್ ಫೈಲನ್ನೋ ಅಪ್ಪಿತಪ್ಪಿ ಸ್ಕ್ರೀನ್ ಮೇಲೆ ಸುರಿದು ಅಕ್ಷರಗಳೆಲ್ಲ ಚಿತ್ರಲಿಪಿ ಆದ್ರೆ ರೀಸೆಟ್ ಅಂತ ಕಮಾಂಡ್ ಕೊಡಿ. ಅದಕ್ಕೆ ಹೆಚ್ಚು ಮಾತು ಬೇಡ.

ಆ್ಯರೋ ಕೀ ವಿಷಯ. ಮೇಲಿನ ಬಾಣ ಒತ್ತಿದ್ರೆ ಹಿಂದಿನ ಕಮಾಂಡ್ ಬರೋ ಬದಲು ಕ್ಯಾರೆಟ್, ಎರಡು ಚೌಕ ಆವರಣ, ಎ ಅಂತ ಕಸ ಬರುತ್ತೆ. ಟ್ಯಾಬ್ ಒತ್ತಿದ್ರೆ ಹೆಸರು ಪೂರ್ತಿ ಆಗಲ್ಲ. ಕೀಬೋರ್ಡ್ ಹಾಳಾಗಿಲ್ಲ. ಬಾಣದ ಕೀ ಕಳಿಸೋದೇ ಎಸ್ಕೇಪ್, ಒಂದು ಆವರಣ, ಒಂದು ಎ ಅನ್ನೋ ಮೂರರ ಕಟ್ಟು. ಆ ಎಸ್ಕೇಪ್‌ನ್ನೇ ಕ್ಯಾರೆಟ್ ಮತ್ತು ಆವರಣ ಅಂತ ಬರೆದು ತೋರಿಸುತ್ತೆ, ಅದಕ್ಕೇ ಆವರಣ ಎರಡು ಕಾಣೋದು. ಅದನ್ನ ಬಿಡಿಸಿ ಓದಬೇಕಾದ್ದು ಶೆಲ್. ಉಬುಂಟು, ಡೆಬಿಯನ್‌ನಲ್ಲಿ ಯೂಸರ್‌ಆ್ಯಡ್ ಅನ್ನೋ ಕಮಾಂಡ್‌ನಿಂದ ಹೊಸ ಅಕೌಂಟ್ ಮಾಡಿ, ಶೆಲ್ ಯಾವುದು ಅಂತ ಹೇಳದೇ ಇದ್ರೆ ಎಸ್‌ಎಚ್ ಅನ್ನೋ ಬರೀ ಶೆಲ್ ಸಿಗುತ್ತೆ. ಅಲ್ಲಿ ಅದರ ನಿಜವಾದ ಹೆಸರು ಡ್ಯಾಶ್. ಸ್ಕ್ರಿಪ್ಟ್ ಓಡಿಸೋದರಲ್ಲಿ ಚುರುಕು, ಸಾಲು ತಿದ್ದೋ ಸೌಲಭ್ಯ ಮಾತ್ರ ಇರಲ್ಲ. ಬ್ಯಾಶ್ ಅಂತ ಟೈಪ್ ಮಾಡಿ ಎಂಟರ್ ಒತ್ತಿ, ಬಾಣ ಜೀವಂತ. ಕಾಯಂ ಬೇಕಂದ್ರೆ ಸಿಎಚ್‌ಎಸ್‌ಎಚ್ ಕಮಾಂಡ್‌ನಿಂದ ಶೆಲ್ ಬದಲಿಸಬೇಕು. ಹೊಸದಾಗಿ ಸೇರಿದವರಿಗೆ ಎಷ್ಟೋ ಕಡೆ ಇಂಥ ಅಕೌಂಟೇ ಕೊಟ್ಟಿರ್ತಾರೆ, ಅವರು ಲಿನಕ್ಸ್ ಅಂದ್ರೆ ಹೀಗೇ ಅಂದ್ಕೊಂಡು ತಿಂಗಳುಗಟ್ಟಲೆ ಪೂರ್ತಿ ಕಮಾಂಡ್ ಕೈಯಲ್ಲೇ ಟೈಪ್ ಮಾಡ್ತಿರ್ತಾರೆ. ಪಾಪ.

ಬ್ಯಾಕ್‌ಸ್ಪೇಸ್ ಒತ್ತಿದ್ರೆ ಕ್ಯಾರೆಟ್ ಎಚ್ ಅಂತ ಬರೋದೂ ಇದೇ ಜಾತಿ. ಕೆಲವು ಟರ್ಮಿನಲ್‌ಗಳು ಬ್ಯಾಕ್‌ಸ್ಪೇಸ್‌ಗೆ 8 ಕಳಿಸ್ತವೆ, ಕೆಲವು 127. ಆ 127ರ ಕಥೆ ಚೆನ್ನಾಗಿದೆ. ಪೇಪರ್ ಟೇಪ್‌ನಲ್ಲಿ ತಪ್ಪು ತೂತು ಬಿದ್ರೆ ತೂತನ್ನ ಮುಚ್ಚೋಕಾಗಲ್ಲ ಅಲ್ವಾ? ಹಾಗಾಗಿ ಏಳಕ್ಕೆ ಏಳೂ ತೂತು ಹೊಡೆದು, ಇದನ್ನ ಲೆಕ್ಕಕ್ಕೆ ತಗೋಬೇಡಿ ಅನ್ನೋರು. ಏಳೂ ತೂತು ಅಂದ್ರೆ 127. ನಿಮ್ಮ ಟರ್ಮಿನಲ್ ಒಂದನ್ನ ಕಳಿಸಿ, ಆಫೀಸು ಇನ್ನೊಂದಕ್ಕೆ ಕಾಯ್ತಿದ್ರೆ ಕಸ ಬರುತ್ತೆ. ಎಸ್ ಟಿ ಟಿ ವೈ, ಸ್ಪೇಸ್, ಇ ಆರ್ ಎ ಎಸ್ ಇ, ಸ್ಪೇಸ್ ಹಾಕಿ, ಆಮೇಲೆ ಕಂಟ್ರೋಲ್ ವಿ ಒತ್ತಿ ಬ್ಯಾಕ್‌ಸ್ಪೇಸ್ ಒತ್ತಿ, ಎಂಟರ್. ಪುಟ್ಟಿಯಲ್ಲಾದ್ರೆ ಕೀಬೋರ್ಡ್ ಸೆಟ್ಟಿಂಗ್‌ನಲ್ಲೇ ಎರಡರಲ್ಲಿ ಒಂದನ್ನ ಆರಿಸಬಹುದು.

ಕನ್ನಡ ಟೈಪ್ ಮಾಡೋರಿಗೆ ಬ್ಯಾಕ್‌ಸ್ಪೇಸ್ ಇನ್ನೊಂದು ಆಟ ಆಡಿಸುತ್ತೆ. ರಶೀದಿ ಅನ್ನೋ ಪದ ತಗೊಳ್ಳಿ. ನಮ್ಮ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಐದು: ರ, ಶ, ದೀರ್ಘದ ಗುಣಿತ, ದ, ಗುಡಿಸು. ಯುಟಿಎಫ್ 8ರಲ್ಲಿ ಪ್ರತಿಯೊಂದಕ್ಕೂ 3 ಬೈಟ್, ಒಟ್ಟು 15. ಇನ್ನೊಂದು ಪ್ರೋಗ್ರಾಂ ನಿಮ್ಮಿಂದ ಹೆಸರು ಕೇಳ್ತಿರುವಾಗ ಸಾಲು ತಿದ್ದೋದು ಕೆಳಗಿನ ಆಫೀಸಿನ ಕೆಲಸ. ಅದಕ್ಕೆ ಯುಟಿಎಫ್ 8 ಬಂದಿದೆ ಅಂತ ಹೇಳದೇ ಇದ್ರೆ ಅದು ಬೈಟ್ ಲೆಕ್ಕದಲ್ಲೇ ಅಳಿಸುತ್ತೆ. ನೀವು ಒಂದು ಸಲ ಬ್ಯಾಕ್‌ಸ್ಪೇಸ್ ಒತ್ತಿದ್ರೆ ಗುಡಿಸಿನ ಮೂರನೇ ಒಂದು ಭಾಗ ಹೋಗಿ, ಎರಡು ಬೈಟ್ ಒಳಗೇ ಉಳಿಯುತ್ತೆ. ಸ್ಕ್ರೀನ್ ಮೇಲೆ ಎಲ್ಲ ಅಳಿಸಿದ ಹಾಗೆ ಕಂಡ್ರೂ ಫೈಲ್ ಹೆಸರಲ್ಲಿ ಕಸ ಸೇರಿರುತ್ತೆ. ಎಸ್ ಟಿ ಟಿ ವೈ ಪಟ್ಟಿಯಲ್ಲಿ ಐ ಯು ಟಿ ಎಫ್ 8 ಅಂತ ಒಂದು ಪದ ಹುಡುಕಿ. ಅದರ ಮುಂದೆ ಮೈನಸ್ ಇದ್ರೆ ಎಸ್ ಟಿ ಟಿ ವೈ, ಸ್ಪೇಸ್, ಐ ಯು ಟಿ ಎಫ್ 8 ಕೊಟ್ಟು ಆನ್ ಮಾಡಿ. ಆಗ ಒಂದು ಒತ್ತಿಗೆ ಒಂದು ಯೂನಿಕೋಡ್ ಚಿಹ್ನೆ ಹೋಗುತ್ತೆ. ಕ್ಷ ಅಳಿಸೋಕೆ ಆಗಲೂ ಮೂರು ಸಲ ಒತ್ತಬೇಕು, ಕ, ವಿರಾಮ ಚಿಹ್ನೆ, ಷ. ಟರ್ಮಿನಲ್ ಬರೆದವರ ತಲೆಯಲ್ಲಿ ಒತ್ತಕ್ಷರ ಇರ್ಲಿಲ್ಲ, ಏನ್ಮಾಡೋದು.

ಈಗ ಮನೆ ಬಾಗಿಲಿಗೆ ಬರೋಣ, ಶೆಲ್‌ಗೆ. ಬ್ಯಾಶ್ ಒಳಗೆ ರೀಡ್‌ಲೈನ್ ಅನ್ನೋ ಸಾಲು ತಿದ್ದೋ ಯಂತ್ರ ಇದೆ. ಬ್ಯಾಶ್‌ನ್ನ 1989ರಲ್ಲಿ ಗ್ನೂ ಯೋಜನೆಗಾಗಿ ಬರೆದ ಬ್ರಯಾನ್ ಫಾಕ್ಸ್ ಅವರೇ ರೀಡ್‌ಲೈನ್ ಕೂಡ ಶುರು ಮಾಡಿದ್ದು. ಇದಕ್ಕೆ ಎರಡು ಸ್ವಭಾವ, ಈಮ್ಯಾಕ್ಸ್ ಮೋಡ್ ಮತ್ತು ವಿಐ ಮೋಡ್. ಎರಡೂ ಹೆಸರು ಹಳೇ ಎಡಿಟರ್‌ಗಳಿಂದ ಬಂದಿದ್ದು, ಎರಡೂ 1976ರ ಆಸುಪಾಸಿನವು. ನೀವು ಏನೂ ಮಾಡದಿದ್ರೆ ಸಿಗೋದು ಈಮ್ಯಾಕ್ಸ್ ಮೋಡ್. ಅದರಲ್ಲಿ ಕಂಟ್ರೋಲ್ ಎ ಒತ್ತಿದ್ರೆ ಸಾಲಿನ ಮೊದಲಿಗೆ, ಇ ಒತ್ತಿದ್ರೆ ಕೊನೆಗೆ, ಡಬ್ಲ್ಯೂ ಹಿಂದಿನ ಪದ ಕತ್ತರಿಸುತ್ತೆ, ಕೆ ಮುಂದಿನದೆಲ್ಲ ಕತ್ತರಿಸುತ್ತೆ, ವೈ ಕತ್ತರಿಸಿದ್ದನ್ನ ವಾಪಸ್ ಅಂಟಿಸುತ್ತೆ. ಟ್ಯಾಲಿಯಲ್ಲಿ ವೋಚರ್ ಸೇವ್ ಮಾಡೋಕೆ ಕಂಟ್ರೋಲ್ ಎ ಒತ್ತಿ ಒತ್ತಿ ಬೆರಳು ಸವೆಸಿದ ನಮ್ಮಂಥವರಿಗೆ ಇದು ಮೊದಲು ವಿಚಿತ್ರ ಅನ್ಸುತ್ತೆ, ವಾರದಲ್ಲಿ ಒಗ್ಗಿಹೋಗುತ್ತೆ.

ವಿಐ ಮೋಡ್ ಬೇರೆ ಲೋಕ. ಅದರಲ್ಲಿ ಎಸ್ಕೇಪ್ ಒತ್ತಿದ್ರೆ ಅಕ್ಷರಗಳು ಅಕ್ಷರವಾಗಿ ಇರಲ್ಲ, ಆಜ್ಞೆಗಳಾಗ್ತವೆ. ಎಚ್ ಎಡಕ್ಕೆ, ಎಲ್ ಬಲಕ್ಕೆ, ಕೆ ಹಿಂದಿನ ಕಮಾಂಡ್, ಜೆ ಮುಂದಿನದು. ಈ ನಾಲ್ಕೇ ಅಕ್ಷರ ಯಾಕೆ ಅಂದ್ರೆ, ವಿಐ ಬರೆದ ಬಿಲ್ ಜಾಯ್ ಬಳಸ್ತಿದ್ದ ಎಡಿಎಂ 3ಎ ಅನ್ನೋ ಟರ್ಮಿನಲ್‌ನಲ್ಲಿ ಬಾಣದ ಚಿತ್ರಗಳು ಅಚ್ಚಾಗಿದ್ದೇ ಆ ನಾಲ್ಕು ಕೀಗಳ ಮೇಲೆ. ಎಸ್ಕೇಪ್ ಕೀ ಕೂಡ ಈಗ ಟ್ಯಾಬ್ ಇರೋ ಜಾಗದಲ್ಲೇ ಇತ್ತು, ಕಿರುಬೆರಳಿಗೆ ಹತ್ತಿರ. ನಮ್ಮ ಕೀಬೋರ್ಡ್‌ನಲ್ಲಿ ಅದು ಮೂಲೆಗೆ ಹೋಗಿದೆ, ಅದಕ್ಕೇ ಈಗ ಕಷ್ಟ ಅನ್ಸೋದು.

ಸಮಸ್ಯೆ ಹುಟ್ಟೋದು ನಿಮಗೆ ಗೊತ್ತಿಲ್ಲದೇ ಈ ಮೋಡ್ ಬದಲಾದಾಗ. ಮ್ಯಾಕ್ ಬಳಸೋರು ಕಿವಿಗೊಟ್ಟು ಕೇಳಿ. 2019ರ ಕ್ಯಾಟಲಿನಾ ಆವೃತ್ತಿಯಿಂದ ಮ್ಯಾಕ್‌ನ ಡಿಫಾಲ್ಟ್ ಶೆಲ್ ಝೆಡ್‌ ಶೆಲ್. ಯಾವುದೋ ವಿಡಿಯೋ ನೋಡಿ ನೀವು ಎಡಿಟರ್ ಅನ್ನೋ ಎನ್ವಿರಾನ್‌ಮೆಂಟ್ ವೇರಿಯಬಲ್‌ನ ವಿಮ್ ಅಂತ ಇಡ್ತೀರಿ. ಉದ್ದೇಶ ಏನು? ಗಿಟ್ ಬಳಸುವಾಗ ವಿಮ್ ತೆರೆಯಲಿ ಅಂತ. ಹೊಸ ವಿಂಡೋ ತೆಗೆದ್ರೆ ಕಂಟ್ರೋಲ್ ಎ ಕೆಲಸ ಮಾಡಲ್ಲ, ಕಂಟ್ರೋಲ್ ಆರ್ ಹುಡುಕಲ್ಲ. ಕಾರಣ, ಝೆಡ್‌ ಶೆಲ್ ಶುರುವಾಗುವಾಗ ಆ ವೇರಿಯಬಲ್‌ನಲ್ಲಿ ವಿ ಐ ಅನ್ನೋ ಎರಡಕ್ಷರ ಜೊತೆಗಿದ್ಯಾ ಅಂತ ನೋಡುತ್ತೆ. ಇದ್ರೆ, ಓಹೋ ಇವರು ವಿಐ ಭಕ್ತರು ಅಂತ ತಾನೇ ನಿರ್ಧಾರ ಮಾಡಿ ವಿಐ ಮೋಡ್‌ಗೆ ಹೋಗುತ್ತೆ. ವಿಮ್ ಅನ್ನೋ ಹೆಸರಲ್ಲೂ ಆ ಎರಡಕ್ಷರ ಇದೆಯಲ್ಲ! ವಿಷುವಲ್ ಅನ್ನೋ ವೇರಿಯಬಲ್‌ನೂ ಹೀಗೇ ನೋಡುತ್ತೆ. ಟಿಮಕ್ಸ್ ಕೂಡ ಇದೇ ಥರ ಊಹೆ ಮಾಡುತ್ತೆ. ಬ್ಯಾಶ್ ಮಾತ್ರ ಈ ಜಾಣತನಕ್ಕೆ ಹೋಗಲ್ಲ. ನನ್ನ ಕೇಳಿದ್ರೆ ಬ್ಯಾಶ್ ಮಾಡೋದೇ ಸರಿ. ಕೇಳದೇ ಉಪಕಾರ ಮಾಡೋರ ಹತ್ರ ಹುಷಾರಾಗಿರಬೇಕು.

ಪತ್ತೆ ಹಚ್ಚೋದು ಸುಲಭ. ಝೆಡ್‌ ಶೆಲ್‌ನಲ್ಲಿ ಬೈಂಡ್‌ಕೀ ಅಂತ ಬರೆದು, ಸ್ಪೇಸ್, ಮೈನಸ್, ಚಿಕ್ಕ ಎಲ್, ದೊಡ್ಡ ಎಲ್, ಸ್ಪೇಸ್, ಮೇನ್ ಅಂತ ಕೊಡಿ. ಉತ್ತರದಲ್ಲಿ ವಿಐಇನ್ಸ್ ಅಂತ ಇದ್ರೆ ವಿಐ ಮೋಡ್. ಬೈಂಡ್‌ಕೀ, ಸ್ಪೇಸ್, ಮೈನಸ್ ಇ ಕೊಟ್ರೆ ಈಮ್ಯಾಕ್ಸ್ ಮೋಡ್ ವಾಪಸ್. ಅದೇ ಸಾಲನ್ನ ಝೆಡ್‌ಎಸ್‌ಎಚ್ ಆರ್‌ಸಿ ಫೈಲಿನಲ್ಲಿ ಬರೆದಿಡಿ, ಎಡಿಟರ್ ಏನಾದ್ರೂ ಆಗಿರ್ಲಿ. ಬ್ಯಾಶ್‌ನಲ್ಲಾದ್ರೆ ಸೆಟ್, ಸ್ಪೇಸ್, ಮೈನಸ್ ಒ, ಸ್ಪೇಸ್, ಈಮ್ಯಾಕ್ಸ್. ಬ್ಯಾಶ್‌ನಲ್ಲಿ ನೀವು ಏನೂ ಮುಟ್ಟದೇ ಮೋಡ್ ಬದಲಾಗಿದ್ರೆ ಮನೆ ಫೋಲ್ಡರ್‌ನಲ್ಲಿ ಇನ್‌ಪುಟ್‌ಆರ್‌ಸಿ ಅನ್ನೋ ಫೈಲ್ ತೆರೆದು ನೋಡಿ. ಯಾರದೋ ಸೆಟ್ಟಿಂಗ್ ಕಾಪಿ ಮಾಡಿಕೊಂಡಾಗ ಅಲ್ಲಿ ಸೇರಿಕೊಂಡಿರುತ್ತೆ. ವಿಐ ಮೋಡ್ ಕೆಟ್ಟದ್ದಲ್ಲ. ದಿನಾ ವಿಮ್‌ನಲ್ಲೇ ಬದುಕೋರಿಗೆ ಅದು ವರ. ಆದ್ರೆ ಬೇರೆಯವರ ಸರ್ವರ್‌ಗಳಲ್ಲಿ ಕೆಲಸ ಮಾಡೋ ಹೊಸಬರಿಗೆ ನಾನು ಹೇಳೋದು ಈಮ್ಯಾಕ್ಸ್ ಮೋಡ್. ಹೋದಲ್ಲೆಲ್ಲ ಅದೇ ಸಿಗುತ್ತೆ.

ಗೇಟಿನ ಸೆಕ್ಯೂರಿಟಿ ಬಗ್ಗೆ ಸ್ವಲ್ಪ. ಬ್ರೌಸರ್ ಒಳಗಿನ ಟರ್ಮಿನಲ್‌ನಲ್ಲಿ ಪದ ಅಳಿಸೋಕೆ ಕಂಟ್ರೋಲ್ ಡಬ್ಲ್ಯೂ ಒತ್ತಿದ್ರೆ ಸಾಮಾನ್ಯವಾಗಿ ಟ್ಯಾಬೇ ಮುಚ್ಚಿಹೋಗುತ್ತೆ. ಆ ಕೀ ಸರ್ವರ್ ಮುಖ ನೋಡೋದೇ ಇಲ್ಲ. ಆನ್‌ಲೈನ್ ಲ್ಯಾಬ್ ಪರೀಕ್ಷೆ ಬರೆಯೋರು ಅಲ್ಲಿ ಎಸ್ಕೇಪ್ ಒತ್ತಿ ಆಮೇಲೆ ಬ್ಯಾಕ್‌ಸ್ಪೇಸ್ ಒತ್ತೋದನ್ನ ರೂಢಿ ಮಾಡ್ಕೊಳ್ಳಿ. ಈಮ್ಯಾಕ್ಸ್ ಮೋಡ್‌ನಲ್ಲಿ ಅದೂ ಪದ ಅಳಿಸುತ್ತೆ, ಬ್ರೌಸರ್ ಅಡ್ಡ ಬರಲ್ಲ. ಒಂದು ಕೀ ಒತ್ತಿದಾಗ ನಿಜವಾಗಿ ಏನು ತಲುಪ್ತಿದೆ ಅಂತ ನೋಡ್ಬೇಕಂದ್ರೆ ಶೆಲ್‌ನಲ್ಲಿ ಮೊದಲು ಕಂಟ್ರೋಲ್ ವಿ ಒತ್ತಿ, ಆಮೇಲೆ ಆ ಕೀ ಒತ್ತಿ. ಬಂದಿದ್ದನ್ನ ಅರ್ಥ ಮಾಡದೇ ಹಾಗೇ ತೋರಿಸು ಅನ್ನೋದು ಅದರ ಅರ್ಥ. ಏನೂ ಮೂಡಲಿಲ್ಲ ಅಂದ್ರೆ ಪಾರ್ಸೆಲ್ ಕೆಳಗೇ ಎಲ್ಲೋ ಉಳಿದಿದೆ, ಮೊದಲು ಗೇಟ್ ವಿಚಾರಿಸಿ. ಮೂಡಿತು ಅಂದ್ರೆ ಶೆಲ್‌ನ ವಿಚಾರಿಸಿ.

ನಿಮ್ಮಲ್ಲಿ ತುಂಬಾ ಜನರ ಹತ್ರ ಇರೋದು ಫೋನ್ ಮಾತ್ರ ಅಂತ ಗೊತ್ತು. ಆಂಡ್ರಾಯ್ಡ್‌ನಲ್ಲಿ ಟರ್ಮಕ್ಸ್ ಅನ್ನೋ ಆ್ಯಪ್ ಹಾಕ್ಕೊಂಡ್ರೆ ಇದೆಲ್ಲ ಅಲ್ಲೇ ಮಾಡಿ ನೋಡಬಹುದು. ಕೀಬೋರ್ಡ್ ಮೇಲೆ ಕಂಟ್ರೋಲ್, ಎಸ್ಕೇಪ್, ಟ್ಯಾಬ್ ಇರೋ ಒಂದು ಪಟ್ಟಿ ಇರುತ್ತೆ. ಅದಲ್ಲದೇ ವಾಲ್ಯೂಮ್ ಕಮ್ಮಿ ಮಾಡೋ ಬಟನ್ನೇ ಅಲ್ಲಿ ಕಂಟ್ರೋಲ್ ಕೀ. ಹಾಗಾಗಿ ಟರ್ಮಕ್ಸ್ ತೆರೆದಿಟ್ಟು ಈ ಪಾಡ್‌ಕಾಸ್ಟ್ ಕೇಳ್ತಾ ಸೌಂಡ್ ಕಮ್ಮಿ ಮಾಡೋಕೆ ಹೋದ್ರೆ ಕಮ್ಮಿ ಆಗಲ್ಲ, ಗಾಬರಿ ಆಗ್ಬೇಡಿ. ಇನ್ನೊಂದು ಮಾತು, ಟರ್ಮಕ್ಸ್ ಮಾಡಿದವರು ಕಂಟ್ರೋಲ್ ಎಸ್ ನಿಲ್ಲಿಸೋ ವ್ಯವಸ್ಥೆಯನ್ನ ಮೊದಲೇ ಆಫ್ ಮಾಡಿದ್ದಾರೆ, ಯುಟಿಎಫ್ 8ನ್ನ ಆನ್ ಮಾಡಿದ್ದಾರೆ. ಪುಣ್ಯಾತ್ಮರು.

ಅಭ್ಯಾಸಕ್ಕೆ ಮಾತ್ರ ಅದನ್ನ ಆನ್ ಮಾಡ್ಕೊಳ್ಳಿ: ಎಸ್ ಟಿ ಟಿ ವೈ, ಸ್ಪೇಸ್, ಐ ಎಕ್ಸ್ ಒ ಎನ್, ಈ ಸಲ ಮೈನಸ್ ಇಲ್ಲ. ಆಮೇಲೆ ವೈ ಇ ಎಸ್ ಅಂತ ಬರೆದು ಎಂಟರ್. ಸ್ಕ್ರೀನ್ ತುಂಬಾ ವೈ ವೈ ವೈ ಅಂತ ಓಡೋಕೆ ಶುರುವಾಗುತ್ತೆ. ಕಂಟ್ರೋಲ್ ಎಸ್ ಒತ್ತಿ, ನಿಲ್ಲುತ್ತೆ. ಒಂದು ಗುಟುಕು ಕಾಫಿ ಕುಡೀರಿ. ಕಂಟ್ರೋಲ್ ಕ್ಯೂ ಒತ್ತಿ, ಮತ್ತೆ ಓಡುತ್ತೆ. ಸಾಕು ಅನ್ಸಿದಾಗ ಕಂಟ್ರೋಲ್ ಸಿ.